ವಯಸ್ಸಿನ ಗೆರೆ ಎಳೆದವರು ಯಾರು?

ಸರ್ಕಾರಿ ನೇಮಕಾತಿಯ ಅಧಿಸೂಚನೆಯನ್ನು ಓದುವುದಕ್ಕೂ ಒಂದು ಕ್ರಮವಿದೆ. ಹೊಸಬರು ಮೊದಲು ಹುದ್ದೆಯ ಹೆಸರು, ಆಮೇಲೆ ಸಂಬಳದ ಶ್ರೇಣಿ, ಆಮೇಲೆ ವಿದ್ಯಾರ್ಹತೆ ನೋಡುತ್ತಾರೆ. ನಾಲ್ಕಾರು ವರ್ಷ ಇದರಲ್ಲೇ ಪಳಗಿದವರ ಕಣ್ಣು ನೇರವಾಗಿ ಹೋಗುವುದು ವಯೋಮಿತಿಯ ಕೋಷ್ಟಕಕ್ಕೆ. ‘ಅರ್ಜಿ ಸಲ್ಲಿಸಲು ನಿಗದಿಪಡಿಸಿದ ಕೊನೆಯ ದಿನಾಂಕಕ್ಕೆ’ ಎಂದು ಶುರುವಾಗುವ ಆ ವಾಕ್ಯ ಮುಗಿಯುವ ಹೊತ್ತಿಗೆ ಎಷ್ಟೋ ಜನರ ಪಾಲಿಗೆ ಇಡೀ ಅಧಿಸೂಚನೆಯೇ ಮುಗಿದಿರುತ್ತದೆ. ಇತಿಹಾಸದ ಪಾಠ ಹೇಳುವವನಾದ ನನ್ನ ಬಳಿಗೆ ಹಳೆಯ ವಿದ್ಯಾರ್ಥಿಗಳು ಆಗಾಗ ಬರುತ್ತಾರೆ. ‘ಫೇಲಾದೆ ಸರ್’ ಎನ್ನುವವರಿಗೆ ಇನ್ನೊಂದು ಸಲ ಬರಿ ಎಂದು ಹೇಳಬಹುದು. ‘ವಯಸ್ಸು ಮೀರಿತು ಸರ್’ ಎನ್ನುವವರಿಗೆ ಹೇಳಲು ಏನೂ ಉಳಿದಿರುವುದಿಲ್ಲ.

ಸೋಲಿಗೂ ವಯಸ್ಸು ಮೀರುವುದಕ್ಕೂ ಇರುವ ಈ ವ್ಯತ್ಯಾಸದ ಬಗ್ಗೆ ನಾನು ಬಹಳ ಕಾಲ ಯೋಚಿಸಿದ್ದೇನೆ. ಪರೀಕ್ಷೆಯಲ್ಲಿ ಸೋತವನನ್ನು ಯಾರೋ ಅಳೆದಿರುತ್ತಾರೆ. ವಯಸ್ಸು ಮೀರಿದವನನ್ನು ಯಾರೂ ಅಳೆದಿರುವುದಿಲ್ಲ, ಬಾಗಿಲಲ್ಲೇ ಕಳಿಸಿರುತ್ತಾರೆ. ಹಾಗಾದರೆ ಆ ಸಂಖ್ಯೆ ಬಂದದ್ದೆಲ್ಲಿಂದ? 35 ಏಕೆ, 36 ಏಕಲ್ಲ? ಮಳೆ ಬಿಸಿಲುಗಳ ಹಾಗೆ ಅದೂ ಪ್ರಕೃತಿಯ ನಿಯಮವೆಂಬಂತೆ ನಾವು ಒಪ್ಪಿಕೊಂಡುಬಿಟ್ಟಿದ್ದೇವೆ. ಆದರೆ ಪ್ರತಿಯೊಂದು ವಯೋಮಿತಿಯ ಹಿಂದೆಯೂ ಒಂದು ಕಚೇರಿ, ಒಂದು ಮೇಜು, ಒಂದು ತೀರ್ಮಾನ ಇರುತ್ತದೆ. ಕೆಲವು ದೇಶಗಳು ಆ ತೀರ್ಮಾನಕ್ಕೆ ಕಾರಣ ಕೇಳಿವೆ, ಕೆಲವು ಕೇಳಿಲ್ಲ. ಈ ಕಥೆ ಶುರುವಾಗುವುದು ನಮ್ಮ ದೇಶದಿಂದಲೇ ಎನ್ನುವುದು ಬಹಳ ಜನರಿಗೆ ಮರೆತುಹೋಗಿದೆ.

1853ರ ಚಾರ್ಟರ್ ಕಾಯ್ದೆ ಈಸ್ಟ್ ಇಂಡಿಯಾ ಕಂಪನಿಯ ಸಿವಿಲ್ ಸರ್ವೀಸನ್ನು ಶಿಫಾರಸ್ಸಿನ ಹಿಡಿತದಿಂದ ಬಿಡಿಸಿ ಸ್ಪರ್ಧಾತ್ಮಕ ಪರೀಕ್ಷೆಗೆ ತೆರೆಯಿತು. ಅದರ ರೂಪುರೇಷೆ ಹಾಕಿದ್ದು ಮೆಕಾಲೆಯ ಸಮಿತಿ. 1855ರಲ್ಲಿ ಲಂಡನ್ನಿನಲ್ಲಿ ಮೊದಲ ಪರೀಕ್ಷೆ ನಡೆದಾಗ ಗರಿಷ್ಠ ವಯಸ್ಸು 23. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಲ್ಲಿ ಪದವಿ ಮುಗಿಸಿದ ಹುಡುಗರು ಬರಲಿ ಎಂಬುದು ಆ ಸಂಖ್ಯೆಯ ಹಿಂದಿನ ಲೆಕ್ಕಾಚಾರ. ಬಳಿಕ ಅದು 22ಕ್ಕೆ, 1866ರ ಹೊತ್ತಿಗೆ 21ಕ್ಕೆ ಇಳಿಯಿತು. 1863ರಲ್ಲಿ ಸತ್ಯೇಂದ್ರನಾಥ ಟಾಗೋರ್ ಈ ಪರೀಕ್ಷೆ ಗೆದ್ದ ಮೊದಲ ಭಾರತೀಯರಾದರು. ಕಲ್ಕತ್ತೆಯ ಹುಡುಗನೊಬ್ಬ ಇಂಗ್ಲಿಷನ್ನು ಪರಭಾಷೆಯಾಗಿ ಕಲಿತು, ಕಾಲೇಜು ಮುಗಿಸಿ, ಮನೆಯವರನ್ನು ಒಪ್ಪಿಸಿ, ಹಡಗು ಹತ್ತಿ, ಲಂಡನ್ನಿನಲ್ಲಿ ತಯಾರಿ ನಡೆಸಿ ಪರೀಕ್ಷೆಗೆ ಕೂರಬೇಕಿತ್ತು. ಅಂಥವನಿಗೆ ಒಂದೊಂದು ವರ್ಷವೂ ಎಷ್ಟು ದೊಡ್ಡದೆಂದು ಬೇರೆ ಹೇಳಬೇಕಿಲ್ಲ.

1869ರಲ್ಲಿ ನಾಲ್ವರು ಭಾರತೀಯರು ಒಟ್ಟಿಗೆ ತೇರ್ಗಡೆಯಾದರು: ಸುರೇಂದ್ರನಾಥ ಬ್ಯಾನರ್ಜಿ, ರಮೇಶಚಂದ್ರ ದತ್ತ, ಬಿಹಾರಿಲಾಲ್ ಗುಪ್ತ, ಶ್ರೀಪಾದ ಬಾಬಾಜಿ ಠಾಕೂರ್. ಇವರಲ್ಲಿ ಸುರೇಂದ್ರನಾಥ ಮತ್ತು ಶ್ರೀಪಾದ ಬಾಬಾಜಿಯವರ ಹೆಸರನ್ನು ಪರೀಕ್ಷೆ ನಡೆಸುತ್ತಿದ್ದ ಸಿವಿಲ್ ಸರ್ವೀಸ್ ಕಮಿಷನರುಗಳು ಪಟ್ಟಿಯಿಂದ ತೆಗೆದುಹಾಕಿದರು. ಕೊಟ್ಟ ಕಾರಣ, ವಯಸ್ಸು ಮೀರಿದೆ.

ಸುರೇಂದ್ರನಾಥರು ಹುಟ್ಟಿದ್ದು 1848ರ ನವೆಂಬರ್ 10ರಂದು. 1863ರ ಕೊನೆಯಲ್ಲಿ ಮೆಟ್ರಿಕ್ಯುಲೇಷನ್ ಪರೀಕ್ಷೆಗೆ ಕುಳಿತಾಗ ವಯಸ್ಸು 16 ಎಂದು ದಾಖಲಾಗಿತ್ತು. ನಮ್ಮ ಹಳ್ಳಿಗಳಲ್ಲಿ ಇವತ್ತಿಗೂ ‘ಹದಿನೈದು ತುಂಬಿ ಹದಿನಾರರಲ್ಲಿ ಬಿದ್ದಿದೆ’ ಎನ್ನುತ್ತಾರಲ್ಲ, ಅದೇ ಲೆಕ್ಕ. ನಡೆಯುತ್ತಿರುವ ವರ್ಷವನ್ನೂ ಸೇರಿಸಿ ಹೇಳುವುದು ಬಂಗಾಳದಲ್ಲೂ ವಾಡಿಕೆ. ತುಂಬಿದ ವರ್ಷಗಳನ್ನಷ್ಟೇ ಎಣಿಸುವ ಇಂಗ್ಲಿಷರ ಕಣ್ಣಿಗೆ ಆ 16 ಎಂಬುದು 1869ರ ಹೊತ್ತಿಗೆ 21ನ್ನು ದಾಟಿಸಿಬಿಡುತ್ತಿತ್ತು. ಎಣಿಸುವ ಎರಡು ಪದ್ಧತಿಗಳ ನಡುವೆ ಒಬ್ಬ ಯುವಕನ ಭವಿಷ್ಯ ಸಿಕ್ಕಿಹಾಕಿಕೊಂಡಿತು. ಅವರು ಸುಮ್ಮನಿರಲಿಲ್ಲ, ಕ್ವೀನ್ಸ್ ಬೆಂಚ್ ನ್ಯಾಯಾಲಯಕ್ಕೆ ಹೋದರು. ಕಮಿಷನರುಗಳು ಕೊನೆಗೆ ಹೆಸರನ್ನು ಪಟ್ಟಿಗೆ ಮರಳಿ ಸೇರಿಸಬೇಕಾಯಿತು. ನೌಕರಿಯ ವಯೋಮಿತಿಯ ಲೆಕ್ಕವನ್ನು ಭಾರತೀಯನೊಬ್ಬ ನ್ಯಾಯಾಲಯದಲ್ಲಿ ಪ್ರಶ್ನಿಸಿ ಗೆದ್ದ ಪ್ರಸಂಗವಿದು. ನೂರೈವತ್ತು ವರ್ಷಗಳ ಮೇಲಾಯಿತು.

ಆದರೆ ಆ ಗೆಲುವು ಒಬ್ಬರ ಎಣಿಕೆಗೆ ಸಂಬಂಧಿಸಿದ್ದು. ಗೆರೆ ಇದ್ದಲ್ಲೇ ಇತ್ತು. ಅಷ್ಟೇ ಅಲ್ಲ, ಇನ್ನೂ ಕೆಳಗಿಳಿಯಿತು. 1876ರಲ್ಲಿ ಭಾರತ ಸಚಿವ ಲಾರ್ಡ್ ಸಾಲಿಸ್‌ಬರಿ ಗರಿಷ್ಠ ವಯಸ್ಸನ್ನು 19ಕ್ಕೆ ಇಳಿಸಲು ತೀರ್ಮಾನಿಸಿದರು. 1878ರಿಂದ ಅದು ಜಾರಿಗೆ ಬಂತು. ಆದೇಶದಲ್ಲಿ ಜಾತಿ, ಬಣ್ಣ, ದೇಶ ಯಾವುದರ ಸುದ್ದಿಯೂ ಇರಲಿಲ್ಲ. ಎಲ್ಲರಿಗೂ ಒಂದೇ ನಿಯಮ, ಇಂಗ್ಲೆಂಡಿನ ಹುಡುಗನಿಗೂ 19, ಬಂಗಾಳದ ಹುಡುಗನಿಗೂ 19. ಶಾಲೆ ಮುಗಿಸಿ ಅದೇ ಊರಿನಲ್ಲಿ ಪರೀಕ್ಷೆಗೆ ಕೂರುವವನಿಗೆ ಅದು ಅನುಕೂಲ. ಸಮುದ್ರ ದಾಟಿ ಬರಬೇಕಾದವನಿಗೆ ಹೆಚ್ಚುಕಡಿಮೆ ಮುಚ್ಚಿದ ಬಾಗಿಲು. ಇದು ಕೇವಲ ನಮ್ಮವರ ಅನುಮಾನವಾಗಿರಲಿಲ್ಲ. ವೈಸರಾಯ್ ಲಿಟ್ಟನ್ 1878ರಲ್ಲಿ ಬರೆದ ಗುಪ್ತ ಟಿಪ್ಪಣಿಯೊಂದರಲ್ಲಿ, 1833ರ ಕಾಯ್ದೆ ಭಾರತೀಯರಿಗೆ ಕೊಟ್ಟ ಭರವಸೆಯನ್ನು ನಿರರ್ಥಕಗೊಳಿಸಲು ಹೂಡಿದ ನೆಪಗಳ ಸಾಲಿನಲ್ಲಿ ಈ ವಯಸ್ಸಿನ ಇಳಿಕೆಯನ್ನೂ ಸೇರಿಸಿದ್ದಾರೆ. ಆಳುವವರ ಬಾಯಿಂದಲೇ ಬಂದ ಮಾತು ಅದು.

ಮುಂದೆ ಆದದ್ದು ನಮ್ಮ ಪಠ್ಯಪುಸ್ತಕಗಳಲ್ಲಿ ಎರಡು ಸಾಲಿಗೆ ಮುಗಿದುಹೋಗುತ್ತದೆ. ಸಣ್ಣ ಕಾರಣಕ್ಕೆ ಸರ್ವೀಸಿನಿಂದ 1874ರಲ್ಲಿ ವಜಾಗೊಂಡಿದ್ದ ಸುರೇಂದ್ರನಾಥರು 1876ರಲ್ಲಿ ಗೆಳೆಯರೊಡನೆ ಇಂಡಿಯನ್ ಅಸೋಸಿಯೇಷನ್ ಕಟ್ಟಿದರು. ಆ ಸಂಘ ಕೈಗೆತ್ತಿಕೊಂಡ ಮೊದಲ ದೊಡ್ಡ ಪ್ರಶ್ನೆಯೇ ಈ 19. 1877ರ ಮಾರ್ಚಿನಲ್ಲಿ ಕಲ್ಕತ್ತೆಯ ಟೌನ್ ಹಾಲಿನಲ್ಲಿ ಸಭೆ ನಡೆಯಿತು. ಸುರೇಂದ್ರನಾಥರು ಉತ್ತರ ಭಾರತದ ಊರೂರು ಸುತ್ತಿ ಲಾಹೋರಿನವರೆಗೆ ಹೋದರು. ಮರುವರ್ಷ ಮುಂಬಯಿ, ಪುಣೆ, ಮದ್ರಾಸುಗಳಿಗೆ ಬಂದರು. 1879ರಲ್ಲಿ ಲಾಲಮೋಹನ ಘೋಷರು ಮನವಿಪತ್ರ ಹಿಡಿದು ಇಂಗ್ಲೆಂಡಿಗೆ ಹೋದರು. ಬೇರೆ ಬೇರೆ ಭಾಷೆ, ಮತ, ಪ್ರಾಂತಗಳ ವಿದ್ಯಾವಂತರು ಒಂದೇ ಬೇಡಿಕೆಗೆ ಸಹಿ ಹಾಕಿದ ಮೊದಮೊದಲ ಸಂದರ್ಭಗಳಲ್ಲಿ ಇದೊಂದು. 1885ರಲ್ಲಿ ಮುಂಬಯಿಯಲ್ಲಿ ಸೇರಿದ ಕಾಂಗ್ರೆಸ್ಸಿನ ಮೊದಲ ಅಧಿವೇಶನದ ನಿರ್ಣಯಗಳಲ್ಲಿಯೂ ಪರೀಕ್ಷೆಯ ವಯಸ್ಸನ್ನು 23ಕ್ಕೆ ಏರಿಸಬೇಕೆಂಬ ಬೇಡಿಕೆ ಇದೆ. 1886ರಲ್ಲಿ ನೇಮಕಗೊಂಡ ಐಚಿಸನ್ ಆಯೋಗ ಅದನ್ನು ಒಪ್ಪಿತು. 1892ರಿಂದ ಗೆರೆ ಮತ್ತೆ 23ಕ್ಕೆ ಬಂತು. ಭಾರತದಲ್ಲೂ ಪರೀಕ್ಷೆ ನಡೆಸಬೇಕೆಂಬ ಜೊತೆಯ ಬೇಡಿಕೆ ಈಡೇರಲು ಮಾತ್ರ 1922ರವರೆಗೆ ಕಾಯಬೇಕಾಯಿತು.

ನೇಮಕಾತಿ ಪ್ರಕಟಣೆಯ ಒಂದು ಸಂಖ್ಯೆ ರಾಷ್ಟ್ರೀಯ ಚಳವಳಿಗೆ ಆರಂಭದ ಕಾವು ಕೊಟ್ಟಿತು ಎಂದರೆ ತರಗತಿಯಲ್ಲಿ ವಿದ್ಯಾರ್ಥಿಗಳು ಒಂದು ಕ್ಷಣ ತಲೆಯೆತ್ತಿ ನೋಡುತ್ತಾರೆ. ಅದರಿಂದ ನಾನು ಅವರಿಗೆ ಹೇಳಲು ಬಯಸುವುದು ಇಷ್ಟು: ಎಲ್ಲರಿಗೂ ಒಂದೇ ಎನ್ನುವ ನಿಯಮ ಎಲ್ಲರನ್ನೂ ಒಂದೇ ರೀತಿ ಮುಟ್ಟಬೇಕೆಂದೇನಿಲ್ಲ.

ಈ ಪಾಠವನ್ನು ಇಂಗ್ಲೆಂಡು ಕಲಿತದ್ದು ನೂರು ವರ್ಷಗಳ ಮೇಲೆ, ಅದೂ ಅದೇ ಸಂಸ್ಥೆಯ ಎದುರು ಹೂಡಿದ ಮೊಕದ್ದಮೆಯಲ್ಲಿ. 1970ರ ದಶಕದಲ್ಲಿ ಬ್ರಿಟಿಷ್ ಸಿವಿಲ್ ಸರ್ವೀಸ್ ಕಮಿಷನ್ ಎಕ್ಸಿಕ್ಯುಟಿವ್ ಆಫೀಸರ್ ಹುದ್ದೆಗೆ ಕೊಡುತ್ತಿದ್ದ ಪ್ರಕಟಣೆಯಲ್ಲಿ ವಯಸ್ಸು 17½ರಿಂದ 28. ಮೂವತ್ತು ದಾಟಿದ್ದ ಶ್ರೀಮತಿ ಪ್ರೈಸ್ ಎಂಬ ತಾಯಿ ಅರ್ಜಿ ಹಾಕಲಾಗದೆ ನ್ಯಾಯಮಂಡಳಿಗೆ ಹೋದರು. ಆಗ ಬ್ರಿಟನ್ನಿನಲ್ಲಿ ವಯಸ್ಸಿನ ತಾರತಮ್ಯದ ವಿರುದ್ಧ ಕಾನೂನು ಇರಲಿಲ್ಲ. ಇದ್ದದ್ದು 1975ರ ಲಿಂಗ ತಾರತಮ್ಯ ಕಾಯ್ದೆ. ಅವರ ವಾದ ಸರಳವಾಗಿತ್ತು: ಇಪ್ಪತ್ತರಿಂದ ಮೂವತ್ತರ ನಡುವಿನ ವರ್ಷಗಳಲ್ಲಿ ಹೆಂಗಸರು ಮಕ್ಕಳನ್ನು ಹೆತ್ತು ಸಾಕುತ್ತಿರುತ್ತಾರೆ. ಅವರು ಕೆಲಸಕ್ಕೆ ಮರಳುವ ಹೊತ್ತಿಗೆ 28 ಕಳೆದಿರುತ್ತದೆ. ಆದ್ದರಿಂದ ಈ ವಯೋಮಿತಿ ಗಂಡಸರಿಗಿಂತ ಹೆಂಗಸರನ್ನು ಹೆಚ್ಚಾಗಿ ಹೊರಗಿಡುತ್ತದೆ. ಮಕ್ಕಳನ್ನು ಹೆರಬೇಕೆಂದು ಯಾರೂ ಬಲವಂತ ಮಾಡಿಲ್ಲವಲ್ಲ, 28ರೊಳಗೆ ಅರ್ಜಿ ಹಾಕಬಹುದಿತ್ತಲ್ಲ ಎಂಬ ತರ್ಕವನ್ನು ಮೇಲ್ಮನವಿ ಮಂಡಳಿ 1977ರಲ್ಲಿ ತಳ್ಳಿಹಾಕಿತು. ನಿಯಮವನ್ನು ಪಾಲಿಸಲು ಕಾಗದದ ಮೇಲೆ ಸಾಧ್ಯವೇ ಎಂದಲ್ಲ, ಬದುಕಿನಲ್ಲಿ ಸಾಧ್ಯವೇ ಎಂದು ನೋಡಬೇಕು ಎಂಬುದು ಅದರ ನಿಲುವು. ಮರುವಿಚಾರಣೆಯಲ್ಲಿ ತೀರ್ಪು ಆಕೆಯ ಪರವಾಗಿ ಬಂತು. ಸುರೇಂದ್ರನಾಥರು ಎದುರಿಸಿದ್ದೂ ಇದೇ ಕಮಿಷನ್ನನ್ನು. ಅಂದು ಸಮುದ್ರ ಅಡ್ಡವಾಗಿತ್ತು, ಇಲ್ಲಿ ತೊಟ್ಟಿಲು.

ಅಷ್ಟು ಹೊತ್ತಿಗೆ ಅಮೆರಿಕ ವಯಸ್ಸನ್ನೇ ನೇರವಾಗಿ ಕಾನೂನಿನ ವಿಷಯವಾಗಿಸಿ ಹತ್ತು ವರ್ಷಗಳಾಗಿದ್ದವು. 1964ರ ನಾಗರಿಕ ಹಕ್ಕುಗಳ ಕಾಯ್ದೆ ಜನಾಂಗ, ಬಣ್ಣ, ಧರ್ಮ, ಲಿಂಗ, ರಾಷ್ಟ್ರಮೂಲಗಳ ಆಧಾರದ ತಾರತಮ್ಯವನ್ನು ನಿಷೇಧಿಸಿತಾದರೂ ವಯಸ್ಸನ್ನು ಹೊರಗಿಟ್ಟಿತು. ಆ ಬಗ್ಗೆ ವರದಿ ಕೊಡುವಂತೆ ಕಾರ್ಮಿಕ ಸಚಿವರಿಗೆ ಹೇಳಿತು. ಸಚಿವ ವಿಲ್ಲರ್ಡ್ ವರ್ಟ್ಜ್ 1965ರಲ್ಲಿ ಕೊಟ್ಟ ವರದಿಯ ಪ್ರಕಾರ ಖಾಸಗಿ ವಲಯದ ಖಾಲಿ ಹುದ್ದೆಗಳಲ್ಲಿ ಸುಮಾರು ಅರ್ಧದಷ್ಟು 55 ಮೀರಿದವರಿಗೆ, ಕಾಲುಭಾಗದಷ್ಟು 45 ಮೀರಿದವರಿಗೆ ಮುಚ್ಚಿದ್ದವು. ವರದಿ ಒಂದು ಸೂಕ್ಷ್ಮವನ್ನೂ ಗುರುತಿಸಿತ್ತು. ಜನಾಂಗದ್ವೇಷದ ಹಿಂದೆ ಇರುವಂಥ ಹಗೆ ವಯಸ್ಸಿನ ತಾರತಮ್ಯದ ಹಿಂದೆ ಇರುವುದಿಲ್ಲ. ಇರುವುದು ಪರೀಕ್ಷಿಸದೆ ನಂಬಿದ ಊಹೆಗಳು. ವಯಸ್ಸಾದವರು ನಿಧಾನ, ಹೊಸದನ್ನು ಕಲಿಯಲಾರರು ಎಂಬ ಬಗೆಯವು. ಹಗೆಯನ್ನಾದರೂ ಗುರುತಿಸಬಹುದು, ಊಹೆ ಸಾಮಾನ್ಯ ಜ್ಞಾನದ ವೇಷದಲ್ಲಿ ಬರುತ್ತದೆ.

1967ರ ಡಿಸೆಂಬರಿನಲ್ಲಿ ಅಧ್ಯಕ್ಷ ಜಾನ್ಸನ್ ಸಹಿ ಹಾಕಿದ ಕಾಯ್ದೆ 40ರಿಂದ 65ರ ವಯಸ್ಸಿನವರಿಗೆ ರಕ್ಷಣೆ ಕೊಟ್ಟಿತು. 1978ರಲ್ಲಿ ಮೇಲಿನ ಗೆರೆ 70ಕ್ಕೆ ಏರಿತು, 1986ರಲ್ಲಿ ಅಳಿಸಿಹೋಯಿತು. ಜಾಹೀರಾತಿಗೆಂದೇ ಆ ಕಾಯ್ದೆಯಲ್ಲಿ ಪ್ರತ್ಯೇಕ ಕಲಮಿದೆ. ಕೆಲಸಕ್ಕೆ ತೆಗೆದುಕೊಳ್ಳದಿರುವುದು ಒಂದು ತಪ್ಪು. ಬರಬೇಡಿ ಎಂದು ಅಚ್ಚು ಹಾಕುವುದು ಬೇರೆಯೇ ಒಂದು ತಪ್ಪು. ಏಕೆಂದರೆ ಜಾಹೀರಾತು ನೋಡಿ ಅರ್ಜಿಯನ್ನೇ ಹಾಕದವರ ಲೆಕ್ಕ ಯಾವ ಕಡತದಲ್ಲೂ ಇರುವುದಿಲ್ಲ. ‘25ರಿಂದ 35’, ‘ತರುಣ’, ‘ಈಚೆಗೆ ಪದವಿ ಪಡೆದ’, ‘ಹುಡುಗ’, ‘ಹುಡುಗಿ’ ಮುಂತಾದ ಪದಗಳು ಜಾಹೀರಾತಿನಲ್ಲಿ ಕಾನೂನುಬಾಹಿರ ಎಂದು ಸರ್ಕಾರದ ವ್ಯಾಖ್ಯಾನ ನಿಯಮಗಳು ಹೆಸರಿಸಿಯೇ ಹೇಳಿದವು. ಇಡೀ ಪಿಡುಗಿಗೆ ಒಂದು ಹೆಸರು ಸಿಕ್ಕಿದ್ದು ಇದಾದ ಮೇಲೆ. ಮನೋವೈದ್ಯ ರಾಬರ್ಟ್ ಬಟ್ಲರ್ 1969ರಲ್ಲಿ ‘ಏಜಿಸಂ’ ಎಂಬ ಪದವನ್ನು ಬಳಕೆಗೆ ತಂದರು. ಕಾನೂನು ಮೊದಲು ಹುಟ್ಟಿ ಆಮೇಲೆ ಪದ ಹುಟ್ಟಿದ ಅಪರೂಪದ ಪ್ರಸಂಗ.

ಆದರೆ ಅಮೆರಿಕದ ಕಾನೂನು ಒಂದೇ ದಿಕ್ಕಿಗೆ ನೋಡುತ್ತದೆ. ಒಕ್ಕೂಟದ ಕಾಯ್ದೆಯಲ್ಲಿ 40ರೊಳಗಿನವರಿಗೆ ರಕ್ಷಣೆಯಿಲ್ಲ. ಹಿರಿಯರಿಗೆ ಅನುಕೂಲ ಮಾಡಿಕೊಟ್ಟರೆ ಕಿರಿಯರು ದೂರುವಂತಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟು 2004ರಲ್ಲಿ ಹೇಳಿತು. ವಿನಾಯಿತಿಗಳೂ ಇವೆ. ವಿಮಾನ ಸಂಚಾರ ನಿಯಂತ್ರಕರಾಗಿ ಸೇರುವವರಿಗೆ ಇಂದಿಗೂ 31 ತುಂಬಿರಬಾರದು. ಅಂದರೆ ಅಮೆರಿಕವೂ ಗೆರೆ ಎಳೆಯುತ್ತದೆ. ಆದರೆ ಎಳೆಯುವವರು ಆ ಹುದ್ದೆಯ ಸ್ವರೂಪದಿಂದಲೇ ಕಾರಣ ತೋರಿಸಬೇಕು.

ಕಾರಣ ತೋರಿಸಲಾಗದ ಗೆರೆಗಳ ಅತ್ಯುತ್ತಮ ಉದಾಹರಣೆ ವಿಮಾನದ ಪರಿಚಾರಿಕೆಯರದು. 1950, 60ರ ದಶಕಗಳಲ್ಲಿ ಅಮೆರಿಕದ ಹಲವು ವಿಮಾನ ಕಂಪನಿಗಳು ಅವರನ್ನು 32ಕ್ಕೋ 35ಕ್ಕೋ ಮನೆಗೆ ಕಳಿಸುತ್ತಿದ್ದವು. ಅದೇ ಕಂಪನಿಗಳ ಪೈಲಟ್‌ಗಳು 60ರವರೆಗೆ ಹಾರುತ್ತಿದ್ದರು. ನಮ್ಮಲ್ಲಿ ಏರ್ ಇಂಡಿಯಾದ ಗಗನಸಖಿಯರು 35ಕ್ಕೆ, ಇಲ್ಲವೇ ಮೊದಲ ಬಸಿರಿಗೆ ನಿವೃತ್ತರಾಗಬೇಕಿತ್ತು. 1981ರಲ್ಲಿ ನರ್ಗೀಶ್ ಮಿರ್ಜಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಬಸಿರಿನ ಷರತ್ತನ್ನು ರದ್ದುಮಾಡಿತು. ಸೇವಾವಧಿ ವಿಸ್ತರಿಸಲು ಆಡಳಿತ ನಿರ್ದೇಶಕರಿಗಿದ್ದ ಮನಸೋ ಇಚ್ಛೆಯ ಅಧಿಕಾರವನ್ನೂ ರದ್ದುಮಾಡಿತು. ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾಗಬಾರದೆಂಬ ಷರತ್ತನ್ನು ಮಾತ್ರ ಉಳಿಸಿತು. ಹೆಣ್ಣಿನ ವಯಸ್ಸೆಂದರೆ ಕೆಲಸದ ಅರ್ಹತೆಯೋ ಅಂದದ ಅವಧಿಯೋ ಎಂಬ ಪ್ರಶ್ನೆ ಎರಡೂ ದೇಶಗಳಲ್ಲಿ ಒಂದೇ ಆಗಿತ್ತು.

ಯುರೋಪು ಈ ದಾರಿಗೆ ತಡವಾಗಿ ಬಂದರೂ ಅಗಲವಾಗಿ ಬಂತು. 2000ದ ನವೆಂಬರಿನಲ್ಲಿ ಯುರೋಪಿಯನ್ ಒಕ್ಕೂಟ ಹೊರಡಿಸಿದ ನಿರ್ದೇಶನ ವಯಸ್ಸನ್ನೂ ತಾರತಮ್ಯದ ನಿಷಿದ್ಧ ಆಧಾರಗಳಲ್ಲಿ ಸೇರಿಸಿತು. ಇಲ್ಲಿ 40ರ ಮೇಲೆ, 40ರ ಕೆಳಗೆ ಎಂಬ ಭೇದವಿಲ್ಲ. ವಯಸ್ಸು ಕಡಿಮೆ ಎಂದು ದೂರ ಇಟ್ಟರೂ ದೂರು ಕೊಡಬಹುದು. ಬ್ರಿಟನ್ನಿನಲ್ಲಿ 2006ರ ಅಕ್ಟೋಬರ್ 1ರಿಂದ ನಿಯಮ ಜಾರಿಗೆ ಬಂತು. ಐರ್ಲೆಂಡು ತನ್ನ 1998ರ ಕಾಯ್ದೆಯಿಂದಲೇ ಮುಂದಿತ್ತು. ‘ತರುಣ ಮತ್ತು ಚುರುಕು’ ವ್ಯಕ್ತಿ ಬೇಕೆಂದು ರೈನ್‌ಏರ್ ಕೊಟ್ಟ ಜಾಹೀರಾತು ತಾರತಮ್ಯದ್ದೆಂದು 2000ದಲ್ಲೇ ಅಲ್ಲಿ ತೀರ್ಮಾನವಾಯಿತು. ಜರ್ಮನಿಯಲ್ಲಿ ‘ತರುಣ’ ವಕೀಲರು ಬೇಕೆಂದ ಜಾಹೀರಾತಿಗಾಗಿ, ಆಯ್ಕೆಯಾಗದ ಹಿರಿಯ ಅಭ್ಯರ್ಥಿಗೆ ಒಂದು ತಿಂಗಳ ಸಂಬಳದಷ್ಟು ಪರಿಹಾರವನ್ನು ಅಲ್ಲಿನ ಉನ್ನತ ಕಾರ್ಮಿಕ ನ್ಯಾಯಾಲಯ 2010ರಲ್ಲಿ ಎತ್ತಿಹಿಡಿಯಿತು. ಒಂದು ವಿಶೇಷಣದ ಬೆಲೆ ಒಂದು ತಿಂಗಳ ಸಂಬಳ!

ಯುರೋಪಿನ ನ್ಯಾಯಾಲಯದ ಮೂರು ತೀರ್ಪುಗಳನ್ನು ಪಕ್ಕಪಕ್ಕದಲ್ಲಿಟ್ಟು ಓದುವುದು ನನಗೆ ಬಲು ಇಷ್ಟ. ಮೊದಲನೆಯದು 2010ರದು. ಫ್ರಾಂಕ್‌ಫರ್ಟ್ ನಗರದ ಅಗ್ನಿಶಾಮಕ ದಳಕ್ಕೆ ಸೇರಲು 30ರ ಮಿತಿ. ಬೆಂಕಿಗೆ ನುಗ್ಗುವ, ಜನರನ್ನು ಹೊತ್ತು ತರುವ ಕೆಲಸಕ್ಕೆ ವಿಶೇಷ ಕಸುವು ಬೇಕು, ಮಿತಿ ಸರಿ ಎಂದಿತು ನ್ಯಾಯಾಲಯ. ಎರಡನೆಯದು 2014ರದು. ಸ್ಪೇನಿನ ಒವಿಯೆದೊ ನಗರದ ಸ್ಥಳೀಯ ಪೊಲೀಸರಿಗೂ 30ರ ಮಿತಿ. ಸಂಚಾರ ನಿಯಂತ್ರಣ, ನಾಗರಿಕರಿಗೆ ನೆರವು ಮುಂತಾದ ಕೆಲಸಗಳಿಗೆ ಅಷ್ಟು ಕಡಿಮೆ ಮಿತಿ ಬೇಕಿಲ್ಲ, ದೇಹದಾರ್ಢ್ಯ ಪರೀಕ್ಷೆಯೇ ಸಾಕು, ಮಿತಿ ತಪ್ಪು ಎಂದಿತು. ಮೂರನೆಯದು 2016ರದು. ಅದೇ ಸ್ಪೇನಿನ ಬಾಸ್ಕ್ ಪ್ರಾಂತದ ಪೊಲೀಸ್ ಪಡೆಗೆ 35ರ ಮಿತಿ. ಬಂಧನ, ಗಲಭೆ ನಿಯಂತ್ರಣದಂಥ ಕೆಲಸಗಳನ್ನು ಮಾಡುವ ಆ ಪಡೆಯ ಸರಾಸರಿ ವಯಸ್ಸು ಏರುತ್ತಿರುವ ಬಗ್ಗೆ ಸರ್ಕಾರ ವಿವರ ಒದಗಿಸಿತ್ತು. ಮಿತಿ ಸರಿ ಎಂದಿತು. ಮೂರರಲ್ಲಿಯೂ ನ್ಯಾಯಾಲಯ ಕೇಳಿದ್ದು ಒಂದೇ ಪ್ರಶ್ನೆ: ಈ ಕೆಲಸದಲ್ಲಿ ದಿನವೂ ಏನು ಮಾಡಬೇಕು? ಉತ್ತರ ಬೇರೆಯಾದಂತೆ ತೀರ್ಪೂ ಬೇರೆಯಾಯಿತು.

ಏಷ್ಯಾದಲ್ಲಿ ಚಿತ್ರ ಮಿಶ್ರವಾಗಿದೆ. ಜಪಾನು 2007ರ ಅಕ್ಟೋಬರಿನಿಂದ ನೇಮಕಾತಿಯಲ್ಲಿ ವಯೋಮಿತಿ ಹಾಕುವುದನ್ನು ನಿಷೇಧಿಸಿತು, ಜೊತೆಗೇ ವಿನಾಯಿತಿಗಳ ಪಟ್ಟಿಯನ್ನೂ ಇಟ್ಟಿತು. ದಕ್ಷಿಣ ಕೊರಿಯಾದ ಸಂವಿಧಾನ ನ್ಯಾಯಾಲಯ 2008ರಲ್ಲಿ ನಾಗರಿಕ ಸೇವಾ ಪರೀಕ್ಷೆಯೊಂದರ 32ರ ಮಿತಿ ಸಂವಿಧಾನಕ್ಕೆ ಹೊಂದುವುದಿಲ್ಲ ಎಂದಿತು. ಫಿಲಿಪ್ಪೀನ್ಸ್ 2016ರಲ್ಲಿ ತಂದ ಕಾಯ್ದೆ ಉದ್ಯೋಗದಾತರನ್ನಷ್ಟೇ ಅಲ್ಲ, ಅಂಥ ಜಾಹೀರಾತನ್ನು ಅಚ್ಚು ಹಾಕಿದ ಪ್ರಕಾಶಕರನ್ನೂ ಹೊಣೆಯಾಗಿಸುತ್ತದೆ. ದಂಡ 50,000ದಿಂದ 5,00,000 ಪೆಸೊವರೆಗೆ, ಸೆರೆವಾಸದ ಸಾಧ್ಯತೆಯೂ ಇದೆ. ಚೀನಾದಲ್ಲಿ ಕತೆ ಬೇರೆ. ಅಲ್ಲಿನ ಉದ್ಯೋಗ ಕಾನೂನು ಹೆಸರಿಸಿದ ತಾರತಮ್ಯಗಳಲ್ಲಿ ವಯಸ್ಸು ಇಲ್ಲ. ಸರ್ಕಾರಿ ಪರೀಕ್ಷೆಯ 35ರ ಮಿತಿ ಖಾಸಗಿ ಕಂಪನಿಗಳಿಗೂ ಮಾದರಿಯಾಗಿ, ‘ಮೂವತ್ತೈದರ ಶಾಪ’ ಎಂಬ ಮಾತೇ ಹುಟ್ಟಿಕೊಂಡಿತು. 2025ರ ಅಕ್ಟೋಬರಿನಲ್ಲಿ ಸರ್ಕಾರ ತನ್ನ ಪರೀಕ್ಷೆಯ ಮಿತಿಯನ್ನು 38ಕ್ಕೆ ಏರಿಸಿತು. ಸರ್ಕಾರ ಹಾಕಿದ ಗೆರೆಯನ್ನು ಸಮಾಜ ಎಷ್ಟು ಬೇಗ ತನ್ನದಾಗಿಸಿಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಕಾನೂನು ಪದಗಳನ್ನು ಹಿಡಿಯಲು ಕಲಿತ ಹೊತ್ತಿಗೆ ಜಾಹೀರಾತು ಪದಗಳನ್ನೇ ಬಿಟ್ಟುಕೊಟ್ಟಿತು. 2017ರ ಡಿಸೆಂಬರಿನಲ್ಲಿ ಪ್ರೊಪಬ್ಲಿಕಾ ಮತ್ತು ನ್ಯೂಯಾರ್ಕ್ ಟೈಮ್ಸ್ ಒಟ್ಟಾಗಿ ಒಂದು ವರದಿ ಪ್ರಕಟಿಸಿದವು. ಫೇಸ್‌ಬುಕ್ಕಿನಲ್ಲಿ ಹಲವು ದೊಡ್ಡ ಕಂಪನಿಗಳು ನೌಕರಿಯ ಜಾಹೀರಾತುಗಳನ್ನು ಇಂಥ ವಯಸ್ಸಿನವರಿಗೆ ಮಾತ್ರ ಕಾಣುವಂತೆ ಹಾಕುತ್ತಿದ್ದವು. ಜಾಹೀರಾತಿನಲ್ಲಿ ವಯಸ್ಸಿನ ಮಾತೇ ಇಲ್ಲ, 50 ದಾಟಿದವರ ಪರದೆಯ ಮೇಲೆ ಅದು ಬರುವುದೇ ಇಲ್ಲ. 2019ರ ಮಾರ್ಚಿನಲ್ಲಿ ನಾಗರಿಕ ಹಕ್ಕುಗಳ ಸಂಘಟನೆಗಳೊಂದಿಗೆ ಆದ ಒಪ್ಪಂದದಂತೆ ಅಮೆರಿಕದಲ್ಲಿ ನೌಕರಿ, ವಸತಿ, ಸಾಲದ ಜಾಹೀರಾತುಗಳಿಗೆ ಈ ಸೌಲಭ್ಯವನ್ನು ಕಂಪನಿ ತೆಗೆದುಹಾಕಿತು. ಹಳೆಯ ಪತ್ರಿಕೆಯ ಜಾಹೀರಾತು ‘ನೀನು ಬೇಡ’ ಎಂದಾದರೂ ಹೇಳುತ್ತಿತ್ತು. ಇದು ಹೇಳುವ ಸೌಜನ್ಯವನ್ನೂ ಉಳಿಸಲಿಲ್ಲ.

ಇನ್ನು ನಮ್ಮ ಮಾತು. ಸಂವಿಧಾನದ 16ನೇ ವಿಧಿ ಸರ್ಕಾರಿ ನೌಕರಿಯಲ್ಲಿ ಧರ್ಮ, ಜನಾಂಗ, ಜಾತಿ, ಲಿಂಗ, ವಂಶ, ಜನ್ಮಸ್ಥಳ, ವಾಸಸ್ಥಳಗಳ ಆಧಾರದ ತಾರತಮ್ಯವನ್ನು ತಡೆಯುತ್ತದೆ. ಆ ಪಟ್ಟಿಯಲ್ಲಿ ವಯಸ್ಸಿಲ್ಲ. 14ನೇ ವಿಧಿಯ ಸಮಾನತೆಯ ತತ್ವದಡಿ ವಯೋಮಿತಿಯನ್ನು ಪ್ರಶ್ನಿಸಬಹುದಾದರೂ, ಗೆರೆ ಎಲ್ಲಿ ಎಳೆಯಬೇಕು, ಯಾವ ದಿನಾಂಕಕ್ಕೆ ವಯಸ್ಸು ಎಣಿಸಬೇಕು ಎಂಬುದನ್ನು ನ್ಯಾಯಾಲಯಗಳು ಸಾಮಾನ್ಯವಾಗಿ ನಿಯಮ ರಚಿಸುವವರಿಗೇ ಬಿಟ್ಟಿವೆ. 1997ರಲ್ಲಿ ರಾಜಸ್ಥಾನದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದೂ ಇದನ್ನೇ: ಯಾವ ದಿನಾಂಕ ಇಟ್ಟರೂ ಯಾರೋ ಕೆಲವರು ಹೊರಗುಳಿಯುತ್ತಾರೆ. ಖಾಸಗಿ ವಲಯದಲ್ಲಂತೂ ವಯಸ್ಸಿನ ತಾರತಮ್ಯವನ್ನು ತಡೆಯುವ ಸಾಮಾನ್ಯ ಕಾನೂನೇ ಇಲ್ಲ. ಬೆಂಗಳೂರಿನ ಯಾವುದೇ ಅಂಗಡಿಯ ಮುಂದೆ ‘25ರೊಳಗಿನ ಹುಡುಗಿಯರು ಬೇಕಾಗಿದ್ದಾರೆ’ ಎಂಬ ಫಲಕ ನೇತಾಡುತ್ತಿದ್ದರೆ ಅದರ ವಯಸ್ಸಿನ ಭಾಗಕ್ಕೆ ಕಾನೂನಿನ ಅಡ್ಡಿಯಿಲ್ಲ.

ಕರ್ನಾಟಕದ ಸಾಮಾನ್ಯ ನೇಮಕಾತಿ ನಿಯಮಗಳು 1977ರವು. ಶ್ರೀಮತಿ ಪ್ರೈಸ್ ಅವರ ತೀರ್ಪಿನ ವರ್ಷವೇ. ಅದರಂತೆ ಬಹುಪಾಲು ಹುದ್ದೆಗಳಿಗೆ ಸಾಮಾನ್ಯ ವರ್ಗದವರಿಗೆ 35, ಹಿಂದುಳಿದ ವರ್ಗಗಳಿಗೆ 38, ಪರಿಶಿಷ್ಟರು ಮತ್ತು ಪ್ರವರ್ಗ 1ರವರಿಗೆ 40 ಎಂಬ ಮಿತಿಗಳು ನಮ್ಮ ಕಿವಿಗೆ ರೂಢಿಯಾಗಿವೆ. ಅದರ ಕೆಳಗೆ ಸಡಿಲಿಕೆಗಳ ಸಾಲು. ವಿಧವೆಯರಿಗೆ, ಅಂಗವಿಕಲರಿಗೆ, ಬಿಡುಗಡೆಗೊಂಡ ಜೀತದಾಳುಗಳಿಗೆ 10 ವರ್ಷ. ಈ ಸಾಲನ್ನು ನಾನು ಅಧಿಸೂಚನೆಯ ಅತ್ಯಂತ ಮಾನವೀಯ ಭಾಗವೆಂದು ಓದುತ್ತೇನೆ. ಒಂದೇ ವಯಸ್ಸಿನವರೆಲ್ಲ ಒಂದೇ ದೂರ ನಡೆದು ಬಂದವರಲ್ಲ ಎಂಬುದನ್ನು ಸರ್ಕಾರವೇ ಇಲ್ಲಿ ಒಪ್ಪಿಕೊಂಡಿದೆ. ಜೀತದಲ್ಲಿ ಕಳೆದ ವರ್ಷಗಳನ್ನು ವಯಸ್ಸಿನಿಂದ ಕಳೆಯಬೇಕು ಎಂದು ಹೊಳೆದವರಿಗೆ, ಅಧಿಸೂಚನೆಯೇ ಹೊರಡದೆ ಕಾದು ಕಳೆದ ವರ್ಷಗಳನ್ನೂ ಕಳೆಯಬೇಕೆಂದು ಹೊಳೆಯುವುದು ಕಷ್ಟವೇನಲ್ಲ. ಆದರೆ ಅದಕ್ಕೆ ಶಾಶ್ವತ ನಿಯಮವಿಲ್ಲ. ಧರಣಿ ಕೂತಾಗ, ಮನವಿ ಕೊಟ್ಟಾಗ ‘ಒಂದು ಬಾರಿಗೆ’ ಎಂಬ ಷರತ್ತಿನೊಂದಿಗೆ ಬರುವ ಸಡಿಲಿಕೆಯಿದೆ ಅಷ್ಟೇ. ಹಕ್ಕಾಗಬೇಕಾದ್ದು ಕೃಪೆಯಾಗಿ ಬರುತ್ತದೆ.

ಇದರ ಜೊತೆಗೆ ನಮ್ಮದೇ ಆದ ಇನ್ನೊಂದು ತೊಡಕಿದೆ. ಕರ್ನಾಟಕದ ಯಾವುದೇ ಕಚೇರಿಯಲ್ಲಿ ಜೂನ್ 1ರಂದು ಹುಟ್ಟಿದವರು ಎಷ್ಟು ಮಂದಿ ಎಂದು ಕೇಳಿ ನೋಡಿ. ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಮಗುವಿನ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿಸಿ, ಒಂದು ವರ್ಷ ಊಹಿಸಿ, ಜೂನ್ 1 ಎಂದು ಬರೆದುಕೊಂಡ ತಲೆಮಾರುಗಳು ನಮ್ಮಲ್ಲಿವೆ. ಕಾರಹುಣ್ಣಿಮೆಯ ಮಾರನೇ ದಿನವೋ, ದೊಡ್ಡ ಮಳೆಯ ವರ್ಷವೋ ಹುಟ್ಟಿದ ಮಗು ಕಾಗದದ ಮೇಲೆ ಶಾಲೆ ತೆರೆವ ದಿನ ಹುಟ್ಟಿತು. 1974ರ ಕರ್ನಾಟಕ ರಾಜ್ಯ ನೌಕರರ ವಯಸ್ಸು ನಿರ್ಧರಣಾ ಕಾಯ್ದೆ ಬಂದ ಮೇಲೆ ಸೇವಾ ಪುಸ್ತಕದ ದಿನಾಂಕವನ್ನು ತಿದ್ದಿಸುವ ದಾರಿಯೂ ಕಿರಿದಾಯಿತು. ಹೀಗೆ ಊಹೆಯಿಂದ ಬರೆದ ದಿನಾಂಕವನ್ನು ನಿಖರವಾಗಿ ಎಳೆದ ಗೆರೆಯ ಪಕ್ಕದಲ್ಲಿಟ್ಟು, ಒಂದು ದಿನ ಹೆಚ್ಚಾಯಿತು ಎಂದು ಒಬ್ಬರನ್ನು ಹೊರಗೆ ಕಳಿಸುತ್ತೇವೆ. ಸುರೇಂದ್ರನಾಥರ ಹದಿನಾರರ ಗೊಂದಲ ಬೇರೆ ರೂಪದಲ್ಲಿ ಮುಂದುವರಿದಿದೆ.

ವಯೋಮಿತಿಯೇ ಬೇಡ ಎನ್ನುವವನು ನಾನಲ್ಲ. ಹಿರಿಯರು ಜಾಗ ಬಿಡದಿದ್ದರೆ ಕಿರಿಯರ ಸರದಿ ಬರುವುದು ಯಾವಾಗ ಎಂಬ ಪ್ರಶ್ನೆ ನ್ಯಾಯವಾದದ್ದು. ತರಬೇತಿಗೆ ಖರ್ಚು ಮಾಡಿದ ಇಲಾಖೆ ಕೆಲವು ವರ್ಷಗಳ ಸೇವೆಯನ್ನು ನಿರೀಕ್ಷಿಸುವುದೂ ಸರಿ. ಮಿತಿಯೇ ಇಲ್ಲದಿದ್ದರೆ ಒಂದು ನೌಕರಿಯ ಆಸೆಗೆ ನಲವತ್ತೈದರವರೆಗೂ ಕೋಚಿಂಗ್ ಕೇಂದ್ರಗಳ ಬಾಡಿಗೆ ಕೋಣೆಗಳಲ್ಲಿ ಬದುಕು ಸವೆಸುವವರ ಸಂಖ್ಯೆ ಹೆಚ್ಚೀತು ಎಂಬ ಆತಂಕವನ್ನೂ ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಬೆರಳಚ್ಚುಗಾರರಿಗೂ ಗ್ರಂಥಪಾಲಕರಿಗೂ ಲೆಕ್ಕ ಪರಿಶೋಧಕರಿಗೂ ಒಂದೇ 35 ಎಂದಾಗ, ಆ ಸಂಖ್ಯೆಗೂ ಆ ಕೆಲಸಕ್ಕೂ ಏನು ಸಂಬಂಧ ಎಂದು ಕೇಳುವ ಹಕ್ಕು ನಮಗಿದೆ. ಇದೇ ದೇಶದಲ್ಲಿ ರಾಷ್ಟ್ರಪತಿಯಾಗಲು 35 ತುಂಬಿರಲೇಬೇಕು, ಮೇಲಿನ ಮಿತಿ ಇಲ್ಲ. ಅತಿ ದೊಡ್ಡ ಹುದ್ದೆಗೆ ಅರ್ಹತೆ ಶುರುವಾಗುವ ವಯಸ್ಸಿಗೆ ಸಾಮಾನ್ಯ ವರ್ಗದ ಅಭ್ಯರ್ಥಿಗೆ ಪ್ರಥಮ ದರ್ಜೆ ಸಹಾಯಕನ ಹುದ್ದೆಯ ಬಾಗಿಲು ಮುಚ್ಚುವ ಹೊತ್ತಾಗಿರುತ್ತದೆ.

ಅಧಿಸೂಚನೆಯಲ್ಲಿ ಒಂದು ಸಾಲು ಹೆಚ್ಚಿಗೆ ಇರಲಿ ಎಂಬುದಷ್ಟೇ ನನ್ನ ಬೇಡಿಕೆ. ವಯಸ್ಸಿನ ಸಂಖ್ಯೆಯ ಪಕ್ಕದಲ್ಲಿ ಅದರ ಕಾರಣ. ಈ ಹುದ್ದೆಯಲ್ಲಿ ಇಂಥ ಕೆಲಸವಿದೆ, ಆದ್ದರಿಂದ ಇಂಥ ಮಿತಿ ಎಂದು ಬರೆಯಲಿ. ಬರೆಯಲು ಕೂತಾಗ ಕಾರಣ ಹೊಳೆದರೆ ಮಿತಿ ಉಳಿಯಲಿ, ಹೊಳೆಯದಿದ್ದರೆ ಹೋಗಲಿ. ಮುಂದಿನ ಸಲ ಯಾರಾದರೂ ವಯಸ್ಸು ಮೀರಿತು ಎಂದು ಬಂದರೆ, ಏಕೆ ಎಂಬುದಕ್ಕೆ ಓದಿ ಹೇಳಲು ನನ್ನ ಬಳಿ ಒಂದು ವಾಕ್ಯವಾದರೂ ಇರುತ್ತದೆ. ಅದು ಸರಿಯಿಲ್ಲವೆನಿಸಿದರೆ ಪ್ರಶ್ನಿಸಲು ಅವರ ಬಳಿಯೂ.